ವಾದ್ಯದ ಒಡಲೊಳಗೆ ಮಾಡಿದವರ ರುಜು ಇರಲಿ

ಮಾನ್ಯ ಸಂಪಾದಕರೇ,

ಬೇಲೂರಿನ ಚೆನ್ನಕೇಶವ ದೇವಸ್ಥಾನಕ್ಕೆ ಬಂದವರಿಗೆ ಗೈಡುಗಳು ಮದನಿಕೆಯರನ್ನು ತೋರಿಸುವಾಗ ಅವರ ಪಾದದ ಕೆಳಗಿನ ಅಕ್ಷರಗಳನ್ನೂ ತೋರಿಸುತ್ತಾರೆ. ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ ಎಂದು ಕೆತ್ತಿದವರ ಹೆಸರು ಅಲ್ಲಿ ಇವತ್ತಿಗೂ ಓದಲು ಸಿಗುತ್ತದೆ. 1117ರಲ್ಲಿ ಪ್ರತಿಷ್ಠೆಯಾದ ಗುಡಿ ಅದು. ಚನ್ನರಾಯಪಟ್ಟಣ ತಾಲ್ಲೂಕಿನ ನುಗ್ಗೇಹಳ್ಳಿಯಲ್ಲಿ, 1246ರ ಲಕ್ಷ್ಮೀನರಸಿಂಹ ಗುಡಿಯಲ್ಲಿ ಬೈಚೋಜ ಕೆತ್ತಿದ್ದು ಯಾವುದು, ಮಲ್ಲಿತಮ್ಮ ಕೆತ್ತಿದ್ದು ಯಾವುದು ಎಂಬುದು ಅವರವರ ರುಜುವಿನಿಂದಲೇ ಗೊತ್ತಾಗುತ್ತದೆ. ತರೀಕೆರೆ ಬಳಿಯ ಅಮೃತಾಪುರದಿಂದ ಸೋಮನಾಥಪುರದವರೆಗೆ ಕೆಲಸ ಮಾಡಿದ ಈ ಮಲ್ಲಿತಮ್ಮ ಕೆಲವು ಕಡೆ ‘ಮಲ್ಲಿ’ ಎಂದಷ್ಟೇ ಬರೆದ, ಕೆಲವು ಕಡೆ ‘ಮ’ ಎಂದು ಒಂದಕ್ಷರ ಕೊರೆದು ಮುಗಿಸಿದ. ಆ ಒಂದಕ್ಷರ ಸಾಕಾಯಿತು.

ಅದೇ ಬೇಲೂರು, ನುಗ್ಗೇಹಳ್ಳಿ, ತರೀಕೆರೆಗಳ ಯಾವುದಾದರೂ ಭಜನೆ ಮಂದಿರದ ಮೃದಂಗವನ್ನು, ವೀರಗಾಸೆ ಮೇಳದ ಕರಡೆಯನ್ನು, ಡೊಳ್ಳು ಕುಣಿತದವರ ಡೊಳ್ಳನ್ನು ತಿರುಗಿಸಿ ನೋಡಿ. ದಾನ ಕೊಟ್ಟವರ ಹೆಸರು ಎಣ್ಣೆ ಬಣ್ಣದಲ್ಲಿ ದೊಡ್ಡದಾಗಿ ಇರುತ್ತದೆ. ಮಾರಿದ ಅಂಗಡಿಯ ಸ್ಟಿಕ್ಕರ್ ಅರ್ಧ ಹರಿದು ಉಳಿದಿರುತ್ತದೆ. ಮರ ಕೊರೆದವರು ಯಾರು, ಚರ್ಮ ಕಟ್ಟಿದವರು ಯಾರು, ಯಾವ ವರ್ಷ ಮಾಡಿದ್ದು ಎಂಬುದು ಮಾತ್ರ ಎಲ್ಲೂ ಇರುವುದಿಲ್ಲ. ಈ ಕೊರತೆಯನ್ನು ತುಂಬುವ ಕೆಲಸ ಅರ್ಧ ಗಂಟೆಯದು, ಖರ್ಚು ಕೆಲವೇ ರೂಪಾಯಿ. ಹೇಗೆ ಮಾಡಬೇಕು, ಎಲ್ಲಿ ತಪ್ಪುತ್ತದೆ ಎಂಬುದನ್ನು ವಾದ್ಯ ಮಾಡುವವರಿಗೂ ರಿಪೇರಿ ಮಾಡುವವರಿಗೂ ಕೊಳ್ಳುವವರಿಗೂ ತಿಳಿಸಬೇಕೆಂದು ಈ ಪತ್ರ ಬರೆಯುತ್ತಿದ್ದೇನೆ.

ಹೆಸರು ಹಾಕುವುದನ್ನು ಬರೀ ಅಭಿಮಾನದ ವಿಷಯ ಎಂದುಕೊಂಡವರು ಬಹಳ. ರಿಪೇರಿಗೆ ಕೂತವರಿಗೆ ಅದು ಮೊದಲ ಆಧಾರ. ಒಂದು ವೀಣೆಯ ಬೆಸುಗೆ ಬಿಟ್ಟಿದೆ ಅನ್ನಿ. ಮರ ಹಸಿಯಿದ್ದಾಗಲೇ ಕಟ್ಟಿದ್ದರಿಂದ ಬಿಟ್ಟಿತೋ ಅಥವಾ ಊರು ಬದಲಾದ್ದರಿಂದ ಬಿಟ್ಟಿತೋ? ಸಕಲೇಶಪುರ, ಮೂಡಿಗೆರೆ ಕಡೆ ಮಳೆಗಾಲದಲ್ಲಿ ಕಟ್ಟಿದ ವಾದ್ಯ ಅಲ್ಲಿನ ತೇವವನ್ನು ಕುಡಿದುಕೊಂಡೇ ಹುಟ್ಟಿರುತ್ತದೆ. ಅದನ್ನು ಅರಸೀಕೆರೆಗೋ ಕಡೂರಿಗೋ ತಂದು ಮಾರ್ಚ್ ಏಪ್ರಿಲ್ ಬಿಸಿಲಲ್ಲಿ ಇಟ್ಟರೆ ಮರ ಎಳೆಯ ಅಡ್ಡಕ್ಕೆ ಕುಗ್ಗಿ ಸೀಳು ಬಿಡುತ್ತದೆ. ಕಟ್ಟಿದ ಊರು ಮತ್ತು ತಿಂಗಳು ಒಳಗೆ ಬರೆದಿದ್ದರೆ ಕಾರಣ ಅಲ್ಲೇ ಕಾಣುತ್ತದೆ. ಹಾಗಿದ್ದಾಗ ಸೀಳಿಗೆ ತಕ್ಷಣ ಮರದ ಚಕ್ಕೆ ತುಂಬಬಾರದು. ಒಂದು ಮಳೆಗಾಲ, ಒಂದು ಬೇಸಿಗೆ ವಾದ್ಯ ಹೊಸ ಊರಿಗೆ ಹೊಂದಿಕೊಳ್ಳಲಿ, ಆಮೇಲೆ ತುಂಬಬೇಕು. ಇಲ್ಲದಿದ್ದರೆ ಮುಂದಿನ ಮಳೆಯಲ್ಲಿ ಮರ ಉಬ್ಬಿದಾಗ ತುಂಬಿದ ಚಕ್ಕೆಯೇ ಆಪಿನ ಹಾಗೆ ಕೆಲಸ ಮಾಡಿ ಪಕ್ಕದಲ್ಲಿ ಹೊಸ ಸೀಳು ಎಬ್ಬಿಸುತ್ತದೆ. ಊರು, ತಿಂಗಳು ಎಂಬ ಎರಡು ಪದ ಇಲ್ಲದ್ದಕ್ಕೆ ಒಳ್ಳೆಯ ವೀಣೆಗಳು ಹೀಗೆ ಎರಡೆರಡು ಸಲ ಕೆಡುತ್ತವೆ.

ಎಲ್ಲಿ ಬರೆಯಬೇಕು ಎನ್ನುವುದರಲ್ಲೇ ಅರ್ಧ ಕೆಲಸ ಇದೆ. ವಾದ್ಯದಲ್ಲಿ ಕೆಲವು ಭಾಗ ಸವೆಯುವುದಕ್ಕೆಂದೇ ಇರುವಂಥವು. ವೀಣೆಯ ಮೆಟ್ಟಿಲುಗಳ (ಸ್ವರಕ್ಕೆ ತಂತಿ ಒತ್ತುವ ಲೋಹದ ಪಟ್ಟಿಗಳ) ಕೆಳಗಿನ ಮೇಣವನ್ನು ಕೆಲವು ವರ್ಷಕ್ಕೊಮ್ಮೆ ಕಿತ್ತು ಹೊಸದಾಗಿ ಕಟ್ಟಲೇಬೇಕು. ತಂತಿ, ಬಿರಡೆ, ತಂತಿಗಳನ್ನು ಎತ್ತಿ ಹಿಡಿಯುವ ಕುದುರೆಯ ಮೇಲಿನ ಲೋಹದ ಪಟ್ಟಿ ಬದಲಾಗುತ್ತವೆ. ಮೇಲ್ತುದಿಯ ಯಾಳಿ ಮುಖದ (ಸಿಂಹದಂಥ ಕೆತ್ತನೆಯ) ಬಳಿಯ ಬುರುಡೆ ಒಡೆದರೆ ಬೇರೆ ಬರುತ್ತದೆ, ಈಗಂತೂ ಸೋರೆ ಬುರುಡೆಯ ಜಾಗಕ್ಕೆ ಫೈಬರ್ ಬುರುಡೆ ಬಂದಿದೆ. ಇವುಗಳ ಮೇಲೆ ಹಾಕಿದ ಹೆಸರು ಅವುಗಳ ಜೊತೆಗೇ ಹೋಗುತ್ತದೆ. ಎಷ್ಟೋ ವೀಣೆಗಳಲ್ಲಿ ಹೆಸರಿನ ಚೀಟಿ ಬುರುಡೆಯ ಮೇಲೇ ಅಂಟಿರುತ್ತದೆ, ಅದು ಕಣ್ಣಿಗೆ ಕಾಣುವ ಜಾಗ ಎಂಬ ಕಾರಣಕ್ಕೆ. ಬುರುಡೆ ಬದಲಾದ ದಿನ ವೀಣೆ ಅನಾಮಧೇಯ.

ಆದ್ದರಿಂದ ಎರಡು ಕಡೆ ಬರೆಯಬೇಕು. ಒಂದು, ವಾದ್ಯವನ್ನು ಪೂರ್ತಿ ಬಿಚ್ಚಿದರೆ ಮಾತ್ರ ಕಾಣುವ ಜಾಗ. ಅದನ್ನು ಯಾರೂ ಸುಲಭವಾಗಿ ಅಳಿಸಲಾರರು, ತಿದ್ದಲಾರರು. ಇನ್ನೊಂದು, ಬಳಸುವವರು ಬೇಕೆಂದಾಗ ನೋಡಬಹುದಾದ, ಆದರೆ ಕೈ, ಬೆವರು, ಪಾಲಿಶ್ ತಾಗದ ಜಾಗ.

ವೀಣೆಯಲ್ಲಿ ಮೊದಲನೆಯದು ಕೊಡದ, ಅಂದರೆ ಗುಂಡನೆಯ ದೊಡ್ಡ ಒಡಲಿನ, ಒಳಮೈ. ಹಲಸಿನ ಕೊಡವನ್ನು ಉಳಿಯಿಂದ ತೋಡಿ ಮುಗಿಸಿ, ಮೇಲಿನ ಹಲಗೆ ಕೂರಿಸುವ ಮುನ್ನ, ತಳದಲ್ಲಿ ಅಂಗೈಯಗಲ ಜಾಗವನ್ನು ಎಮರಿ ಕಾಗದದಿಂದ ನಯ ಮಾಡಬೇಕು. ಒಣಬಟ್ಟೆಯಲ್ಲಿ ಧೂಳು ಒರೆಸಿ ಮೆತ್ತನೆಯ ಪೆನ್ಸಿಲಿನಲ್ಲಿ, 2ಬಿ ಆದರೆ ಒಳ್ಳೆಯದು, ನಿಧಾನವಾಗಿ ಬರೆಯಬೇಕು. ಪೆನ್ಸಿಲ್ ಎಂದರೆ ಹಗುರವಾಗಿ ಕಾಣಬೇಡಿ. ಅದರ ಕಪ್ಪು ಗ್ರಾಫೈಟ್, ಅಂದರೆ ಇಂಗಾಲ. ಬೆಳಕಿಗೆ ಮಾಸುವುದಿಲ್ಲ, ನೀರಿಗೆ ಹರಡುವುದಿಲ್ಲ. ಯೂರೋಪಿನ ಹಳೆಯ ಪಿಟೀಲುಗಳನ್ನು ಬಿಚ್ಚಿದಾಗ ಒಳಗೆ ಹಿಂದೆ ರಿಪೇರಿ ಮಾಡಿದವರ ಪೆನ್ಸಿಲ್ ಬರಹ ಸಿಗುವುದು ಇದೇ ಕಾರಣಕ್ಕೆ. ಉಜ್ಜಿದರೆ ಮಾತ್ರ ಹೋಗುತ್ತದೆ, ಅದಕ್ಕೂ ಉಪಾಯ ಇದೆ. ಅರಗನ್ನು ಸ್ಪಿರಿಟ್‌ನಲ್ಲಿ ಕರಗಿಸಿದ ತೆಳು ಪಾಲಿಶನ್ನು ಹತ್ತಿಯಲ್ಲಿ ಅದ್ದಿ ಬರಹದ ಮೇಲೆ ಒಂದೇ ಒಂದು ಸಲ ಎಳೆಯಬೇಕು. ಹಿಂದೆ ಮುಂದೆ ಉಜ್ಜಿದರೆ ಗ್ರಾಫೈಟ್ ಕಲಸಿ ಬೂದಿಯಾಗುತ್ತದೆ. ಆ ಒಂದು ಪದರ ಸಾಕು. ಕೊಡದ ಒಳಗೆಲ್ಲ ಪಾಲಿಶ್ ಬಳಿಯುವ ಅಗತ್ಯ ಇಲ್ಲ.

ಎರಡನೆಯದು ದಂಡಿಯ, ಅಂದರೆ ಉದ್ದನೆಯ ಕತ್ತಿನ, ಅಡಿಮೈಯಲ್ಲಿ ಬುರುಡೆ ಬಂದು ಕೂರುವ ಜಾಗ. ಬುರುಡೆ ತಿರುಪಿ ಕಳಚಿದರೆ ಕಾಣುತ್ತದೆ, ತಿರುಪಿ ಹಾಕಿದರೆ ಮುಚ್ಚಿಕೊಳ್ಳುತ್ತದೆ. ಧೂಳಿಲ್ಲ, ಬೆವರಿಲ್ಲ, ತೊಡೆಗೆ ತಾಗುವುದಿಲ್ಲ. ಕೊಡದ ಹಲಗೆಯ ಮೇಲಿರುವ ನಾದರಂಧ್ರಗಳ ಮೂಲಕ ಒಳಗಿನ ಚೀಟಿ ಓದಬಹುದು ಎಂದು ಕೆಲವರು ಅಲ್ಲೇ ಅಂಟಿಸುತ್ತಾರೆ. ಪಿಟೀಲು, ಗಿಟಾರಿಗೆ ಅದು ಸರಿ, ಅವುಗಳ ಕಂಡಿ ದೊಡ್ಡವು. ವೀಣೆಯವು ಸಣ್ಣ ತೂತುಗಳ ಗೊಂಚಲು, ಟಾರ್ಚ್ ಹಿಡಿದರೂ ಒಂದಕ್ಷರ ಕಂಡರೆ ಮೂರು ಕಾಣುವುದಿಲ್ಲ. ತಂಬೂರಿಯದೂ ಇದೇ ಕಥೆ.

ಕಾಗದದ ಚೀಟಿ ಬೇಕೆನ್ನುವವರು ಕಾಗದ, ಶಾಯಿ, ಅಂಟು ಮೂರನ್ನೂ ನೋಡಬೇಕು. ಈ ಪತ್ರಿಕೆಯ ಒಂದು ಹಾಳೆಯನ್ನು ಬಿಸಿಲಿಗೆ ನಾಲ್ಕು ದಿನ ಇಡಿ, ಹಳದಿಯಾಗುತ್ತದೆ. ಮರದ ತಿರುಳಿನಿಂದ ಮಾಡಿದ ಅಗ್ಗದ ಕಾಗದದ ಗುಣವೇ ಅದು, ವರ್ಷ ಕಳೆದಂತೆ ಕಂದಾಗಿ ಪುಡಿಯಾಗುತ್ತದೆ. ಹತ್ತಿ ಚಿಂದಿಯಿಂದ ಮಾಡಿದ ಕೈಕಾಗದ ಬಹಳ ಕಾಲ ಬಾಳುತ್ತದೆ. ಚಿತ್ರ ಬಿಡಿಸುವವರು ಕೊಳ್ಳುವ ಹತ್ತಿ ಕಾಗದದ ಒಂದು ದೊಡ್ಡ ಹಾಳೆಯಲ್ಲಿ 7 ಸೆಂ.ಮೀ. ಉದ್ದ, 5 ಸೆಂ.ಮೀ. ಅಗಲದ ಚೀಟಿಗಳು ನೂರರ ಮೇಲೆ ಸಿಗುತ್ತವೆ. ಶಾಯಿಯಲ್ಲಿ ಕಪ್ಪು ಇಂಡಿಯನ್ ಇಂಕ್ ಉತ್ತಮ, ಅದೂ ಇಂಗಾಲವೇ. ಬಾಲ್‌ಪೆನ್ನಿನದು ಎಣ್ಣೆ ಬೆರೆತ ಬಣ್ಣ, ಮಸುಕಾಗಿ ಸುತ್ತ ಜಿಡ್ಡಿನ ಕಲೆ ಬಿಡುತ್ತದೆ. ಮನೆಯ ಇಂಕ್‌ಜೆಟ್ ಪ್ರಿಂಟರಿನ ಅಕ್ಷರ ಮಲೆನಾಡಿನ ಒಂದು ಮಳೆಗಾಲದ ತೇವಕ್ಕೇ ಹರಡಿಕೊಳ್ಳಬಹುದು. ಲೇಸರ್ ಪ್ರಿಂಟರಿನದು ಪರವಾಗಿಲ್ಲ. ಎಲ್ಲಕ್ಕಿಂತ ಕೆಟ್ಟದ್ದು ಅಂಗಡಿಯ ಬಿಲ್ ಬರುವ ಥರ್ಮಲ್ ಕಾಗದ. ಎಷ್ಟೋ ಬಾರ್‌ಕೋಡ್ ಸ್ಟಿಕ್ಕರುಗಳು ಅದರಲ್ಲೇ ಇರುತ್ತವೆ. ಬಿಸಿಗೆ ಕಪ್ಪಾಗುವ ಲೇಪ ಅದು, ಬಿಸಿಲಲ್ಲಿ ನಿಂತ ಕಾರಿನೊಳಗೆ ಒಂದು ಮಧ್ಯಾಹ್ನ ಇದ್ದರೆ ಕಪ್ಪಾಗಬಹುದು, ಸುಮ್ಮನೆ ಇಟ್ಟರೆ ವರ್ಷ ಎರಡು ವರ್ಷದಲ್ಲಿ ಬಿಳಿ ಹಾಳೆ.

ಅಂಟು ಮೈದಾದ್ದಾದರೆ ಜಿರಳೆ ಮತ್ತು ಬೆಳ್ಳಿ ಬಣ್ಣದ ಪುಸ್ತಕದ ಹುಳಗಳಿಗೆ ಊಟ. ಪುಸ್ತಕ ಬೈಂಡ್ ಮಾಡುವವರು ಗೋಂದಿಗೆ ಚಿಟಿಕೆ ಮೈಲುತುತ್ತ ಹಾಕುವುದು ಇದಕ್ಕೇ. ಅದು ವಿಷ, ಮಕ್ಕಳ ಕೈಗೆ ಸಿಗದಂತೆ ಇಟ್ಟುಕೊಳ್ಳಬೇಕು. ಫೆವಿಕಾಲ್ ಬಳಸುವುದಾದರೆ ಎರಡು ಪಾಲು ಅಂಟಿಗೆ ಒಂದು ಪಾಲು ನೀರು ಬೆರೆಸಿ ಬ್ರಷ್ಷಿನಲ್ಲಿ ಚೀಟಿಯ ಬೆನ್ನಿಗೆ ತೆಳುವಾಗಿ ಸವರಿ, ಒಂದು ನಿಮಿಷ ಬಿಡಬೇಕು. ಕಾಗದ ತೇವಕ್ಕೆ ಹಿಗ್ಗುತ್ತದೆ. ಹಿಗ್ಗಿದ ಮೇಲೆ ಅಂಟಿಸಿದರೆ ಒಣಗುವಾಗ ತಾನೇ ಬಿಗಿದು ಮಟ್ಟಸವಾಗುತ್ತದೆ. ಒಣಕಾಗದವನ್ನೇ ಅವಸರದಲ್ಲಿ ಒತ್ತಿದರೆ ಮರದ ಮೇಲೆ ಹಿಗ್ಗಿ ಗುಳ್ಳೆ ಏಳುತ್ತದೆ. ಆ ಗುಳ್ಳೆ ಮುಂದೆ ತುದಿ ಬಿಟ್ಟು, ಒಂದು ನಿರ್ದಿಷ್ಟ ಸ್ವರ ನುಡಿಸಿದಾಗ ಮಾತ್ರ ಜರ್ರ್ ಎನ್ನುವ ಸದ್ದು ಕೊಡುತ್ತದೆ. ಎಲ್ಲಿಂದ ಬರುತ್ತಿದೆ ಎಂದು ಹುಡುಕುತ್ತಾ ಕುದುರೆ ಬದಲಿಸಿ, ತಂತಿ ಬದಲಿಸಿ, ಮೇಣ ಕಿತ್ತು, ಕೊನೆಗೆ ನೋಡಿದರೆ ಒಳಗಿನ ಚೀಟಿಯ ಮೂಲೆ! ಪಾಲಿಶ್ ಆದ ಮೈಮೇಲೆ ಅಂಟಿಸಿದ್ದು, ಮೇಣ ತಾಗಿದ ಜಾಗದಲ್ಲಿ ಅಂಟಿಸಿದ್ದು ಬೇಗ ಬಿಡುತ್ತದೆ. ಬರಿ ಮರದ ಮೇಲೇ ಅಂಟಿಸಬೇಕು, ಹಲಗೆ ಮುಚ್ಚುವ ಮುನ್ನ ಒಂದು ರಾತ್ರಿ ಒಣಗಬೇಕು.

ಹಿತ್ತಾಳೆ ತಗಡಿನ ನಾಮಫಲಕ ನೋಡಲು ಚೆಂದ. ಆದರೆ ಎರಡು ಸ್ಕ್ರೂನಲ್ಲಿ ಕೂತ ತಗಡು ಮರ ಕುಗ್ಗಿದಾಗ ಸಡಿಲವಾಗುತ್ತದೆ, ಅದೂ ಜರ್ರ್ ಎನ್ನುತ್ತದೆ. ಕಬ್ಬಿಣದ ಸ್ಕ್ರೂ ಆದರೆ ತುಕ್ಕು ಸುತ್ತಲ ಮರಕ್ಕೂ ಇಳಿಯುತ್ತದೆ. ತಗಡು ವಾದ್ಯದ ಪೆಟ್ಟಿಗೆಗೆ ಇರಲಿ.

ಸುಟ್ಟು ಬರೆಯುವುದು ಹಲಸಿಗೆ ಒಪ್ಪುವ ವಿಧಾನ. ಹಳದಿ ಮರದ ಮೇಲೆ ಕಂದು ಅಕ್ಷರ ಚೆನ್ನಾಗಿ ಏಳುತ್ತದೆ. ಮರ ವರ್ಷಗಳಲ್ಲಿ ಕೆಂಗಂದು ಬಣ್ಣಕ್ಕೆ ತಿರುಗಿದರೂ ಓದಲು ಆಗುತ್ತದೆ. ಎಲೆಕ್ಟ್ರಿಕ್ ಕೆಲಸದವರ 25 ವ್ಯಾಟಿನ ಚೂಪು ತುದಿಯ ಸಾಲ್ಡರಿಂಗ್ ಐರನ್ ಇದ್ದರೆ ಕೈಬರಹದಲ್ಲೇ ಬರೆಯಬಹುದು. ದಿನಕ್ಕೆ ಹಲವು ವಾದ್ಯ ಮಾಡುವವರು ಹಿತ್ತಾಳೆಯ ಅಚ್ಚು ಮಾಡಿಸಿಕೊಳ್ಳಬಹುದು. ಇಲ್ಲಿ ಕನ್ನಡಕ್ಕೇ ಇರುವ ಒಂದು ತೊಡಕು ಹೇಳಲೇಬೇಕು. ಅಚ್ಚಿನಲ್ಲಿ ಅಕ್ಷರ ಕನ್ನಡಿಯಲ್ಲಿ ಕಂಡಂತೆ ತಿರುಗಾ ಇರಬೇಕು. ಕನ್ನಡ ಓದಲು ಬಾರದವರು ಅಚ್ಚು ಕೊರೆದಾಗ ದೀರ್ಘ, ಒತ್ತಕ್ಷರ ತಪ್ಪು ಕಡೆಗೆ ಹೋಗುತ್ತವೆ, ಇಲ್ಲವೇ ತಲೆಕಟ್ಟು ಬಿಟ್ಟುಹೋಗುತ್ತದೆ. ಕೊರೆಯುವ ಮುನ್ನ ಅವರು ಕೊಡುವ ನಕ್ಷೆಯನ್ನು ಕನ್ನಡಿಗೆ ಹಿಡಿದು ಓದಿ ಒಪ್ಪಿಗೆ ಕೊಡಬೇಕು. ಅಕ್ಷರದ ಎತ್ತರ 5 ಮಿ.ಮೀ.ಗಿಂತ ಕಡಿಮೆ ಇದ್ದರೆ ಒತ್ತಕ್ಷರದ ಒಳಗಿನ ಖಾಲಿ ಜಾಗ ಸುಟ್ಟು ಮುಚ್ಚಿಹೋಗಿ ಕಪ್ಪು ಚುಕ್ಕಿಯಾಗುತ್ತದೆ. ಹೆಸರಿನಲ್ಲಿ ಒತ್ತಕ್ಷರ ಜಾಸ್ತಿ ಇದ್ದರೆ ಮಲ್ಲಿತಮ್ಮನ ದಾರಿ ಹಿಡಿಯಬಹುದು, ಒಂದಕ್ಷರ ಮತ್ತು ಒಂದು ಗುರುತು ಸಾಕು. ಪೂರ್ತಿ ಹೆಸರು ಒಳಗಿನ ಪೆನ್ಸಿಲ್ ಬರಹದಲ್ಲಿ ಇರಲಿ.

ಅಚ್ಚು ಒತ್ತುವ ಮೊದಲು ಅದೇ ಮರದ ಚೂರಿನ ಮೇಲೆ ನೋಡಿಕೊಳ್ಳಬೇಕು. ಒಂದೆರಡು ಸೆಕೆಂಡು ಒತ್ತಿ ಎತ್ತಿದಾಗ ಕಂದು ಬಣ್ಣ ಬಂದರೆ ಸರಿ. ಸುತ್ತ ಕಪ್ಪು ಹೊಗೆಯ ವರ್ತುಲ ಬಂದರೆ ಅಚ್ಚು ಅತಿ ಕಾದಿದೆ, ಆ ಇದ್ದಿಲು ಆಮೇಲೆ ಉದುರುತ್ತದೆ. ತಣ್ಣಗಿದೆ ಎಂದು ಅದೇ ಜಾಗಕ್ಕೆ ಎರಡನೇ ಸಲ ಒತ್ತಿದರೆ ಅಕ್ಷರ ಜೋಡಿಯಾಗುತ್ತದೆ. ಪಾಲಿಶ್ ಆದ ಮೇಲೆ ಸುಡಬಾರದು, ಪಾಲಿಶ್ ಗುಳ್ಳೆ ಎದ್ದು ಅಂಟಂಟಾಗುತ್ತದೆ. ಮುಖ್ಯವಾಗಿ, ನಾದಕ್ಕೆ ನಡುಗುವ ತೆಳು ಹಲಗೆಯನ್ನು ಎಂದೂ ಸುಡಬೇಡಿ. ಸುಟ್ಟ ಗೆರೆ ಅಲ್ಲಿ ಸೀಳಿಗೆ ಹಾದಿ. ಕೊಡದ ದಪ್ಪ ಮೈ, ದಂಡಿಯ ಅಡಿ, ಇವಕ್ಕೆ ತೊಂದರೆ ಇಲ್ಲ. ಬೀಟೆ ಮರದ ವೀಣೆಗೆ ಸುಟ್ಟ ಅಕ್ಷರ ಕಾಣುವುದೇ ಇಲ್ಲ, ಮರವೇ ಕಪ್ಪು. ಅದಕ್ಕೆ ಮೈಸೂರಿನ ಕುಸುರಿಯವರ ಹಾಗೆ ತಿಳಿ ಬಣ್ಣದ ಮರದ ಚೂರನ್ನು ಕೂರಿಸಿ ಅದರ ಮೇಲೆ ಬರೆಯುವುದು ಮೇಲು.

ಮೃದಂಗದ ವಿಷಯ ಬೇರೆ, ಇಲ್ಲಿ ಕೆಲಸ ಮಾಡಿದ ಕೈಗಳೇ ಎರಡು. ಹಲಸಿನ ಮರ ಕಡೆದು ಒಡಲು ಕೊರೆಯುವವರು ಒಬ್ಬರು. ಬಲಬಾಯಿಗೆ ಮೂರು ಪದರದ ಚರ್ಮದ ಮುಚ್ಚಿಗೆ ಹೆಣೆದು, ಬಾರು ಎಳೆದು, ಅನ್ನ ಮತ್ತು ಕಲ್ಲಿನ ಪುಡಿ ಅರೆದ ಕರಣೆಯನ್ನು ಪದರ ಪದರವಾಗಿ ಉಜ್ಜಿ ಶ್ರುತಿಗೆ ತರುವವರು ಇನ್ನೊಬ್ಬರು. ನಾದ ಹುಟ್ಟುವುದು ಈ ಎರಡನೆಯವರ ಕೈಯಲ್ಲಿ. ಹೆಸರು ಮೊದಲು ಅಳಿಸಿಹೋಗುವುದೂ ಅವರದೇ. ಚರ್ಮದ ಕೆಲಸ ಮಾಡುವ ಸಮುದಾಯದವರಿಗೆ ಗುಡಿಯೊಳಗೆ ನುಡಿಯುವ ಮೃದಂಗದ ಮೇಲೆ ಹೆಸರಿನ ಜಾಗ ಸಿಗದೆ ಹೋದದ್ದು ಆಕಸ್ಮಿಕ ಅಲ್ಲ. ಇದನ್ನು ಸರಿಪಡಿಸಲು ಭಾಷಣ ಬೇಡ, ಚೀಟಿಯಲ್ಲಿ ಎರಡು ಸಾಲು ಇದ್ದರೆ ಸಾಕು. ‘ಮರ’ ಎಂದು ಒಂದು ಹೆಸರು, ‘ಮುಚ್ಚಿಗೆ’ ಎಂದು ಒಂದು ಹೆಸರು.

ಜಾಗ ಹೇಳುವುದಾದರೆ, ಮುಚ್ಚಿಗೆ ಕಟ್ಟುವ ಮುನ್ನ ಒಡಲಿನ ಒಳಗೆ ಬಲಬಾಯಿಯಿಂದ ನಾಲ್ಕು ಬೆರಳು ಒಳಕ್ಕೆ ಬರೆಯಬೇಕು. ಅಂಚಿನ ಹತ್ತಿರವೇ ಬರೆದರೆ ಮುಂದೆ ಬಾಯಿ ಸವೆದು ಅಂಚನ್ನು ಹೆರೆದು ಸಮ ಮಾಡುವಾಗ ಬರಹ ಹೋಗುತ್ತದೆ. ಎಡಗಡೆ ರವೆ ಕಲಸಿ ಮೆತ್ತುವ ಕಡೆಯಾದ್ದರಿಂದ ಒಳಗೆ ತೇವ ಹೆಚ್ಚು, ಅಲ್ಲಿ ಕಾಗದ ಬೂಸ್ಟು ಹಿಡಿಯುತ್ತದೆ. ಮುಚ್ಚಿಗೆ ಬದಲಾದಾಗಲೆಲ್ಲ ಅದೇ ಒಳಮೈಯಲ್ಲಿ ಹಳೆಯ ಸಾಲಿನ ಕೆಳಗೆ ಹೊಸ ಸಾಲು ಬರಲಿ: ತಿಂಗಳು, ವರ್ಷ, ಕಟ್ಟಿದವರು, ಶ್ರುತಿ. ಹತ್ತು ಹದಿನೈದು ವರ್ಷದಲ್ಲಿ ಆ ಒಡಲೇ ಒಂದು ದಫ್ತರ ಆಗುತ್ತದೆ. ಯಾರು ಕಟ್ಟಿದ್ದು ಎಷ್ಟು ದಿನ ಬಂತು ಎಂಬುದೂ ಅದರಲ್ಲೇ ತಿಳಿಯುತ್ತದೆ. ಶ್ರುತಿ ಬರೆಯುವುದು ಏಕೆಂದರೆ ಹೆಚ್ಚು ಶ್ರುತಿಯ ಮೃದಂಗ ಸುಮಾರು 22 ಅಂಗುಲ, ತಗ್ಗು ಶ್ರುತಿಯದು ಸುಮಾರು 24 ಅಂಗುಲ. ಉದ್ದ ಒಡಲಿಗೆ ಐದು ಮನೆಯಂಥ ಹೆಚ್ಚು ಶ್ರುತಿ ಬೇಕೆಂದು ಬಾರು ಎಳೆದರೆ ಮುಚ್ಚಿಗೆ ಹರಿಯುತ್ತದೆ, ಇಲ್ಲ ನಾದ ಬಿಗಿದು ಸಾಯುತ್ತದೆ.

ಡೊಳ್ಳು, ಕರಡೆ, ಚಂಡೆಗಳಿಗೂ ಇದೇ ಕ್ರಮ, ಒಳಗೆ ಬರೆದು ಚರ್ಮ ಮುಚ್ಚುವುದು. ತಮಟೆಗೆ ಬಳೆಯ ಒಳಸುತ್ತು ಇದೆ. ಬೆಂಕಿಗೆ ಕಾಯಿಸುವ ವಾದ್ಯವಾದ್ದರಿಂದ ಅಲ್ಲಿ ಕಾಗದ, ಮೇಣದ ಪೆನ್ಸಿಲ್ ಬೇಡ, ಮರದ ಬಳೆಗೆ ಸುಟ್ಟ ಗುರುತು, ಕಬ್ಬಿಣದ ಬಳೆಗೆ ಅಚ್ಚಿನ ಪೆಟ್ಟು. ಕಂಚಿನ ತಾಳಗಳಿಗೆ ಮಾತ್ರ ಅಚ್ಚು ಹೊಡೆಯಬಾರದು. ತಾಮ್ರ 78, ತವರ 22ರ ಆಸುಪಾಸಿನ ಆ ಮಿಶ್ರಣ ನಾದಕ್ಕೆ ಒಳ್ಳೆಯದು, ತಣ್ಣಗಿರುವಾಗ ಪೆಟ್ಟಿಗೆ ಗಾಜಿನಂತೆ ಬಿರುಕು ಬಿಡುತ್ತದೆ. ಮಧ್ಯದ ಉಬ್ಬಿನ (ಗುಬ್ಬಿಯ) ಒಳಗಡೆ ಚೂಪು ಸೂಜಿಯಲ್ಲಿ ಗೀರಿದರೆ ಸಾಕು.

ಕೊಳಲಿನಲ್ಲಿ ಊದುವ ತೂತಿನಿಂದ ಮುಚ್ಚಿದ ತುದಿಯವರೆಗಿನ ಗೇಣಿಗಿಂತ ಕಡಿಮೆ ಜಾಗ ನಾದದ ಕೊಳವೆಯ ಆಚೆಗೆ ಬರುತ್ತದೆ. ಅಲ್ಲಿ ಏನು ಬರೆದರೂ ಶ್ರುತಿ ಕೆಡುವುದಿಲ್ಲ. ಬಿದಿರಿನ ಹೊರಮೈ ನುಣುಪು, ಶಾಯಿ ನಿಲ್ಲುವುದಿಲ್ಲ, ಸ್ಟಿಕ್ಕರ್ ಬೆವರಿಗೆ ಜಾರುತ್ತದೆ. ಕಾದ ಸೂಜಿಯಲ್ಲಿ ಮೇಲ್ಮೇಲೆ ಸುಟ್ಟು ಬರೆಯಬಹುದು. ಆದರೆ ಎಳೆಯ ಉದ್ದಕ್ಕೆ ನೇರ ಗೆರೆ ಎಳೆಯಬಾರದು, ಬಿದಿರು ಸೀಳುವುದು ಆ ದಿಕ್ಕಿನಲ್ಲೇ.

ಇನ್ನು ಪಿಟೀಲು. ನಮ್ಮ ಜಿಲ್ಲೆಯ ಹಳೆಯ ಮನೆಗಳ ಅಟ್ಟದಲ್ಲಿ ಪಿಟೀಲು ಸಿಕ್ಕಾಗ ಒಳಗೆ ಲ್ಯಾಟಿನ್ ಭಾಷೆಯಲ್ಲಿ ‘ಆಂತೋನಿಯುಸ್ ಸ್ತ್ರಾದಿವಾರಿಯುಸ್ ಕ್ರೆಮೊನೆನ್ಸಿಸ್ ಫಾಚಿಯೆಬಾತ್ ಆನ್ನೊ’ ಎಂಬ ಚೀಟಿ, ಮುಂದೆ 17ರಿಂದ ಶುರುವಾಗುವ ಒಂದು ಇಸವಿ ಕಂಡು, ಕೋಟಿ ಬೆಲೆ ಎಂದು ಆಸೆ ಪಡುವವರಿದ್ದಾರೆ. ಕ್ರೆಮೊನಾದ ಸ್ತ್ರಾದಿವಾರಿ ಇಂಥ ಇಸವಿಯಲ್ಲಿ ಮಾಡಿದ್ದು ಎಂದು ಅದರ ಅರ್ಥ. ಇಟಲಿಯ ಕ್ರೆಮೊನಾದ ಹೆಸರಾಂತ ಪಿಟೀಲು ತಯಾರಕ ಸ್ತ್ರಾದಿವಾರಿ 1737ರಲ್ಲಿ ತೀರಿಕೊಂಡವರು. ಅವರ ಚೀಟಿಯ ನಕಲನ್ನು ಜರ್ಮನಿ, ಬೊಹೀಮಿಯಾದ (ಇಂದಿನ ಜೆಕ್ ದೇಶದ ಭಾಗ) ಕಾರ್ಖಾನೆಗಳು ಲೆಕ್ಕವಿಲ್ಲದಷ್ಟು ಪಿಟೀಲುಗಳಲ್ಲಿ ಅಂಟಿಸಿದವು, ಇಂಥ ಮಾದರಿಯದು ಎಂಬ ಅರ್ಥದಲ್ಲಿ. ಚೀಟಿಯ ಕೆಳಗೆ ಇಂಗ್ಲಿಷಿನಲ್ಲಿ ದೇಶದ ಹೆಸರು ಇದೆಯೇ ನೋಡಿ. ಆಮದು ವಸ್ತುಗಳ ಮೇಲೆ ದೇಶದ ಹೆಸರು ಇರಬೇಕೆಂದು ಅಮೆರಿಕ ಕಾನೂನು ಮಾಡಿದ್ದು 1890ರ ಹೊತ್ತಿಗೆ, ಹಾಗಾಗಿ ದೇಶದ ಹೆಸರಿದ್ದರೆ ಪಿಟೀಲು ಸಾಮಾನ್ಯವಾಗಿ ಅದಕ್ಕಿಂತ ಈಚಿನದು. ಜೆಕೊಸ್ಲೊವಾಕಿಯಾ ಎಂದಿದ್ದರೆ ಆ ದೇಶ ಹುಟ್ಟಿದ್ದೇ 1918ರಲ್ಲಿ. ಕಾಗದದ ಚೀಟಿಯೊಂದೇ ಎಂದೂ ಸಾಕ್ಷಿ ಆಗುವುದಿಲ್ಲ ಎಂಬುದಕ್ಕೆ ಇದಕ್ಕಿಂತ ಉದಾಹರಣೆ ಬೇಡ. ಚೀಟಿಯನ್ನು ಯಾರು ಬೇಕಾದರೂ ಅಂಟಿಸಬಹುದು. ಮರದೊಳಗಿನ ಬರಹವನ್ನು ಹಾಗೆ ತಂದಿಡಲು ಆಗುವುದಿಲ್ಲ.

ಚೀಟಿಯಲ್ಲಿ ಬಳಸುವ ಕ್ರಿಯಾಪದದಲ್ಲೂ ಸತ್ಯ ಇರಬೇಕು. ಒಂದೇ ಕೈ ಮರ ತೋಡಿ ತಂತಿ ಬಿಗಿಯುವವರೆಗೆ ಮಾಡಿದ್ದರೆ ‘ಮಾಡಿದ್ದು’. ಸಿಂಪಾಡಿಪುರದಿಂದಲೋ ತಂಜಾವೂರಿನಿಂದಲೋ ಕೊರೆದ ಒಡಲು ತರಿಸಿ ಮೇಣ, ಮೆಟ್ಟಿಲು, ತಂತಿ ಇಲ್ಲಿ ಕೂರಿಸಿದ್ದರೆ ‘ಜೋಡಿಸಿದ್ದು’. ರಿಪೇರಿಯಾದರೆ ‘ರಿಪೇರಿ’. ಜೋಡಿಸುವುದು ಕೀಳಲ್ಲ. ವೀಣೆಯ 24 ಮೆಟ್ಟಿಲನ್ನು ಮೇಣದಲ್ಲಿ ಸ್ವರಕ್ಕೆ ಸರಿಯಾಗಿ ಕೂರಿಸುವುದು ಈ ಕಸುಬಿನ ಅತಿ ಸೂಕ್ಷ್ಮ ಕೆಲಸ. ಅದನ್ನು ಅದರ ಹೆಸರಲ್ಲೇ ಹೇಳಿಕೊಳ್ಳಬೇಕು. ಮರದ ಹೆಸರೂ ಇರಲಿ, ಕಡಿದ ವರ್ಷ ಗೊತ್ತಿದ್ದರೆ ಅದೂ. ನಮ್ಮ ಕಾಫಿ ತೋಟಗಳ ಹಲಸು ನೆರಳಿಗೆಂದು ಬೆಳೆಸಿದ್ದು, ಕಡಿದ ಮೇಲೆ ಒಂದು ಅಂಗುಲ ದಪ್ಪಕ್ಕೆ ಒಂದು ವರ್ಷ ಆರಬೇಕು ಎಂಬುದು ಬಡಗಿಗಳ ಅಂದಾಜು ಲೆಕ್ಕ. ಕಡಿದ ವರ್ಷಕ್ಕೂ ಕಟ್ಟಿದ ವರ್ಷಕ್ಕೂ ಅಂತರ ಕಂಡರೆ ಕೊಳ್ಳುವವರಿಗೆ ಧೈರ್ಯ. ಫೋನ್ ನಂಬರಿಗಿಂತ ಊರು, ಅಂಚೆ, ತಾಲ್ಲೂಕು ಬರೆಯಿರಿ. ನಂಬರ್ ಬದಲಾಗುತ್ತದೆ, ಕ್ಯೂಆರ್ ಕೋಡ್ ತೋರಿಸುವ ಪುಟ ಮುಚ್ಚಿಹೋಗುತ್ತದೆ. ಊರು ಉಳಿಯುತ್ತದೆ.

ವಿದೇಶಕ್ಕೆ ಹೋಗುವ ವಾದ್ಯಕ್ಕೆ ಮರದ ಹೆಸರು ಇನ್ನೂ ಮುಖ್ಯ. ಬೀಟೆ ಸೇರಿದ ಡಾಲ್ಬರ್ಜಿಯಾ ಕುಲದ ಮರಗಳು 2017ರ ಜನವರಿ 2ರಿಂದ, ಅಪಾಯದಲ್ಲಿರುವ ಗಿಡಮರ, ಪ್ರಾಣಿಗಳ ಅಂತರರಾಷ್ಟ್ರೀಯ ವ್ಯಾಪಾರಕ್ಕೆ ಕಡಿವಾಣ ಹಾಕುವ ಸೈಟಿಸ್ ಒಪ್ಪಂದದ ಎರಡನೇ ಅನುಬಂಧದಲ್ಲಿವೆ. 2019ರ ನವೆಂಬರ್ 26ರಿಂದ ಪೂರ್ತಿ ಸಿದ್ಧವಾದ ವಾದ್ಯಗಳಿಗೆ ವಿನಾಯಿತಿ ಸಿಕ್ಕಿದೆ. ಆದರೂ ವಿಮಾನ ನಿಲ್ದಾಣದಲ್ಲಿ ಕೇಳಿದಾಗ ಮರದ ಹೆಸರಿರುವ ಚೀಟಿ ಮತ್ತು ಬಿಲ್ ಹೊಂದಿಕೆಯಾದರೆ ಮಾತು ಬೇಗ ಮುಗಿಯುತ್ತದೆ. ಬಿಳಿ ಕುಸುರಿ ಪ್ಲಾಸ್ಟಿಕ್ಕಿನದಾದರೆ ಹಾಗೆಂದು ಬರೆಯಿರಿ. ಆನೆದಂತ, ಜಿಂಕೆ ಕೊಂಬಿನ ವ್ಯಾಪಾರ ನಿಷಿದ್ಧ, ಹಳೆಯ ವೀಣೆಗಳಲ್ಲಿ ದಂತ ಇರುವುದು ಅಧಿಕಾರಿಗಳಿಗೂ ಗೊತ್ತು. ಬಿಳಿ ಪಟ್ಟಿ ಕಂಡರೆ ಅನುಮಾನ ಸಹಜ.

ಕ್ರಮಸಂಖ್ಯೆ ಒಂದನ್ನು ಬಿಡಬೇಡಿ. ಇನ್ನೂರು ಪುಟದ ಒಂದು ನೋಟ್‌ಬುಕ್ ಇಟ್ಟು ವಾದ್ಯಕ್ಕೊಂದು ಪುಟ ಕೊಡಿ: ಸಂಖ್ಯೆ, ಅಳತೆ, ಮರ, ತಂತಿಯ ಗೇಜ್, ಯಾರಿಗೆ ಕೊಟ್ಟಿದ್ದು. ಮಂದಿರದಿಂದ ವಾದ್ಯ ಕಳುವಾದಾಗ ಪೊಲೀಸರು ಮೊದಲು ಕೇಳುವುದು ಗುರುತು. ‘ಒಂದು ಮೃದಂಗ, ಕಂದು ಬಣ್ಣ’ ಎಂದು ಬರೆಸಿದ ದೂರಿನಿಂದ ಯಾವ ಮೃದಂಗವನ್ನೂ ಪತ್ತೆ ಮಾಡಲಾಗದು.

ಅಂಗಡಿಯವರಲ್ಲಿ ಒಂದು ವಿನಂತಿ. ಮಾಡಿದವರ ಹೆಸರಿದ್ದರೆ ಗಿರಾಕಿ ನೇರ ಅವರ ಹತ್ತಿರ ಹೋಗುತ್ತಾನೆ ಎಂದು ‘ಹೆಸರು ಹಾಕದೆ ಕೊಡಿ’ ಎನ್ನುವ ವ್ಯಾಪಾರಿಗಳಿದ್ದಾರೆ. ನಿಮ್ಮ ಆತಂಕ ಅರ್ಥವಾಗುತ್ತದೆ. ಅಂಗಡಿಯ ಹೆಸರು ಪೆಟ್ಟಿಗೆಯ ಮೇಲೆ, ಚೀಲದ ಮೇಲೆ, ಬೇಕಾದರೆ ವಾದ್ಯದ ಹೊರಮೈಯಲ್ಲೂ ಇರಲಿ. ಒಳಗೆ ಮಾಡಿದವರದು ಇರಲಿ. ಒಂದರ ಮೇಲೊಂದು ಅಂಟಿಸುವುದು ಮಾತ್ರ ಬೇಡ. ರಿಪೇರಿ ಮಾಡುವವರಿಗೂ ಅದೇ ಮಾತು. ಹಳೆಯ ಚೀಟಿ ಎಷ್ಟೇ ಹರಿದಿದ್ದರೂ ಕೀಳಬೇಡಿ, ಪಕ್ಕದಲ್ಲಿ ನಿಮ್ಮದು ಸಣ್ಣದಾಗಿ ಬರೆಯಿರಿ. ಮೇಲಿನ ಹಲಗೆ ಹೊಸದು ಹಾಕಿದ್ದರೆ ಅದನ್ನು ಸ್ಪಷ್ಟವಾಗಿ ಬರೆಯಿರಿ. ಇಲ್ಲದಿದ್ದರೆ ಮುಂದಿನವರು ಹೊಸ ಹಲಗೆಯ ಗುಣದೋಷವನ್ನು ಮೂಲ ಕಟ್ಟಿದವರ ತಲೆಗೆ ಕಟ್ಟುತ್ತಾರೆ.

ಭೌಗೋಳಿಕ ಸೂಚಿ (ಜಿಐ ಟ್ಯಾಗ್) ಸಿಕ್ಕರೆ ಇದೆಲ್ಲ ಬೇಡವಲ್ಲ ಎನ್ನುವವರಿಗೆ ಒಂದು ಮಾತು. ಬೊಬ್ಬಿಲಿ, ತಂಜಾವೂರು ವೀಣೆಗಳಿಗೆ ಅದು ಸಿಕ್ಕಿದೆ, ಒಳ್ಳೆಯದೇ. ಅದು ಊರನ್ನು ಕಾಯುತ್ತದೆ, ಊರಿನೊಳಗಿನ ಒಬ್ಬೊಬ್ಬರ ಕೈಯನ್ನು ಗುರುತಿಸುವುದಿಲ್ಲ. ತನ್ನ ಗುರುತನ್ನು ಕಾನೂನಿನಲ್ಲೂ ಕಾಯ್ದುಕೊಳ್ಳಬೇಕೆಂದರೆ ಟ್ರೇಡ್‌ಮಾರ್ಕ್ ನೋಂದಣಿ ಇದೆ. ವಾದ್ಯಗಳು 15ನೇ ವರ್ಗದಲ್ಲಿ ಬರುತ್ತವೆ, ಒಬ್ಬ ವ್ಯಕ್ತಿ ಆನ್‌ಲೈನ್‌ನಲ್ಲಿ ಅರ್ಜಿ ಹಾಕಿದರೆ ಶುಲ್ಕ 4,500 ರೂಪಾಯಿ, ನೋಂದಣಿ 10 ವರ್ಷಕ್ಕೆ, ಆಮೇಲೆ ನವೀಕರಿಸಬಹುದು. ಪಿಎಂ ವಿಶ್ವಕರ್ಮ ಯೋಜನೆಯ 18 ಕಸುಬುಗಳಲ್ಲಿ ಬಡಗಿ, ಶಿಲ್ಪಿ, ಬೊಂಬೆ ಮಾಡುವವರು ಇದ್ದಾರೆ, ವಾದ್ಯ ಮಾಡುವವರು ಎಂದು ಪ್ರತ್ಯೇಕ ಹೆಸರಿಲ್ಲ. ಸರ್ಕಾರದ ಪಟ್ಟಿಯಲ್ಲಿ ಹೆಸರು ಬರುವವರೆಗೆ ವಾದ್ಯದ ಒಡಲಲ್ಲಾದರೂ ಹೆಸರು ಇರಬೇಕು.

ಶಾಲೆಗಳು, ಗ್ರಾಮ ಪಂಚಾಯಿತಿಗಳು, ಇಲಾಖೆಗಳು ಕಲಾ ತಂಡಗಳಿಗೆ ಡೊಳ್ಳು, ತಮಟೆ, ಹಾರ್ಮೋನಿಯಂ ಕೊಳ್ಳುವಾಗ ಟೆಂಡರಿನಲ್ಲಿ ಒಂದು ಷರತ್ತು ಸೇರಿಸಬಹುದು: ಪ್ರತಿ ವಾದ್ಯದಲ್ಲೂ ಮಾಡಿದವರ ಹೆಸರು, ಊರು, ತಿಂಗಳು-ವರ್ಷ ಅಳಿಸದಂತೆ ಇರತಕ್ಕದ್ದು. ಸರಬರಾಜು ಮಾಡುವವರಿಗೆ ಇದರಿಂದ ಹೆಚ್ಚಿನ ಖರ್ಚಿಲ್ಲ. ತಂಬೂರಿಯ ಆಕಾರದ ಮಂದಿರವನ್ನೇ ಕಟ್ಟಿಕೊಂಡಿರುವ ರುದ್ರಪಟ್ಟಣದಂಥ ಊರು ನಮ್ಮ ಅರಕಲಗೂಡು ತಾಲ್ಲೂಕಿನಲ್ಲಿದೆ. ಅಲ್ಲಿಗೆ ಬರುವ ವಿದ್ವಾಂಸರು ತಮ್ಮ ತಮ್ಮ ವಾದ್ಯ ಮಾಡಿದವರ ಹೆಸರನ್ನು ವೇದಿಕೆಯಲ್ಲಿ ಪಕ್ಕವಾದ್ಯದವರ ಹೆಸರಿನ ಜೊತೆಗೇ ಹೇಳಿದರೆ ಕೇಳುವವರಿಗೂ ರೂಢಿಯಾಗುತ್ತದೆ.

ಜಾಗವಿದ್ದರೆ ಈ ಪತ್ರದ ಪಕ್ಕದಲ್ಲಿ 7 ಸೆಂ.ಮೀ. ಉದ್ದ, 5 ಸೆಂ.ಮೀ. ಅಗಲದ ಒಂದು ಖಾಲಿ ಚೌಕ ಅಚ್ಚು ಮಾಡಿ, ಒಳಗೆ ಈ ಆರು ಸಾಲು ಹಾಕಬೇಕೆಂದು ಕೋರಿಕೆ: ಮಾಡಿದವರು, ಚರ್ಮ ಅಥವಾ ಮೇಣದ ಕೆಲಸ, ಊರು ಮತ್ತು ತಾಲ್ಲೂಕು, ತಿಂಗಳು-ವರ್ಷ, ಮರ, ಶ್ರುತಿ ಮತ್ತು ಸಂಖ್ಯೆ. ಓದುಗರು ಅದನ್ನೇ ಕತ್ತರಿಸಿ ವಾದ್ಯಕ್ಕೆ ಅಂಟಿಸಬಾರದು, ಪತ್ರಿಕೆಯ ಕಾಗದದ ಆಯುಷ್ಯ ಮೇಲೆ ಹೇಳಿದ್ದೇನೆ. ಅಳತೆಗೆ ಇಟ್ಟುಕೊಂಡು ಹತ್ತಿ ಕಾಗದದ ಮೇಲೆ ನಕಲು ಮಾಡಿಕೊಳ್ಳಲಿ.

ಇಂತಿ ತಮ್ಮ ವಿಶ್ವಾಸಿ,
ವಾದ್ಯ ತಯಾರಿಕೆ ಮತ್ತು ರಿಪೇರಿ ಕಸುಬಿನ ಓದುಗ
ಬೇಲೂರು, ಹಾಸನ ಜಿಲ್ಲೆ